ಗೂಬಕ್ಕನ ಮೂರು ಗಂಟೆ

ರಾತ್ರಿ ಪಾಳಿಯವರಲ್ಲಿ ನಿದ್ದೆ ತಡೆಯುವುದಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಲೋಟಗಟ್ಟಲೆ ಕಾಫಿ ಸುರಿದುಕೊಂಡು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಕೆಲವರು ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮೂರನೇ ದಿನಕ್ಕೆ ನೆಗಡಿ ಹಿಡಿಸಿಕೊಳ್ಳುತ್ತಾರೆ. ಇನ್ನು ಕೆಲವರು ಕುದುರೆಯ ಹಾಗೆ ನಿಂತೇ ಇರುತ್ತಾರೆ, ಆಮೇಲೆ ಕುದುರೆಯ ಹಾಗೆಯೇ ನಿಂತಲ್ಲೇ ಮಲಗುತ್ತಾರೆ. ಗೂಬಕ್ಕ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಅವಳು ಬೈಯುತ್ತಿದ್ದಳು.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಹ್ಯಾಚರಿಯಲ್ಲಿ, ಅಂದರೆ ಕೋಳಿಮೊಟ್ಟೆಗೆ ಯಂತ್ರದಿಂದ ಕಾವು ಕೊಟ್ಟು ಮರಿ ಮಾಡುವ ಜಾಗದಲ್ಲಿ, ಹತ್ತೊಂಬತ್ತು ವರ್ಷ ಒಂದೇ ಸಮನೆ ರಾತ್ರಿ ಪಾಳಿ ಮಾಡಿದ್ದಕ್ಕೆ ಸಿಕ್ಕಿದ ಬಿರುದು ಅದು. ಹಿಂದಿನಿಂದ ಗೂಬೆ ಅನ್ನುತ್ತಿದ್ದರು, ಎದುರಿಗೆ ಅಕ್ಕ ಸೇರಿಸುತ್ತಿದ್ದರು. ಅವಳು ಎರಡಕ್ಕೂ ಓಗೊಡುತ್ತಿದ್ದಳು.

ಕೆಲಸ ಕೇಳುವುದಕ್ಕೆ ಸಣ್ಣದು. ಬೀರುವಿನಷ್ಟು ಎತ್ತರದ ಆರು ಕಾವುಪೆಟ್ಟಿಗೆಗಳು, ಒಳಗೆ ತಟ್ಟೆ ತಟ್ಟೆ ಮೊಟ್ಟೆ. ಕೋಳಿ ಕಾವಿಗೆ ಕೂತಾಗ ಮೊಟ್ಟೆಯನ್ನು ಕೊಕ್ಕಿನಿಂದ ಹೊರಳಿಸುತ್ತಿರುತ್ತದೆ. ಹೊರಳಿಸದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಇಲ್ಲಿ ಕೋಳಿಯ ಕೆಲಸ ಗೂಬಕ್ಕನದು. ಗಂಟೆಗೊಮ್ಮೆ ಪೆಟ್ಟಿಗೆಯ ಪಕ್ಕದ ಹಿಡಿ ತಿರುಗಿಸಿ ತಟ್ಟೆಗಳನ್ನು ಒಮ್ಮೆ ಎಡಕ್ಕೆ, ಮುಂದಿನ ಗಂಟೆಗೆ ಬಲಕ್ಕೆ ಓರೆ ಮಾಡಬೇಕು. ಕಾವು ನೋಡಬೇಕು, ನೀರಿನ ತಟ್ಟೆ ನೋಡಬೇಕು, ಬರೆದಿಡಬೇಕು. ಎರಡು ನಿಮಿಷದ ಕೆಲಸ, ಐವತ್ತೆಂಟು ನಿಮಿಷದ ಬಿಡುವು. ಆ ಐವತ್ತೆಂಟು ನಿಮಿಷದಲ್ಲೇ ಮನುಷ್ಯರು ಉರುಳುವುದು. ಬೆಚ್ಚನೆ ಕೋಣೆ, ಫ್ಯಾನಿನ ಒಂದೇ ರಾಗ. ಎಂಥ ಗಟ್ಟಿ ಗಂಡಸೂ ಹನ್ನೆರಡೂವರೆಗೆ ತೂಕಡಿಸಿಬಿಡುತ್ತಿದ್ದ.

ಗೂಬಕ್ಕ ಮಾತ್ರ ಒಂದೊಂದು ಗಂಟೆಗೆ ಒಬ್ಬೊಬ್ಬರನ್ನು ಇಟ್ಟುಕೊಂಡಿದ್ದಳು. ಹನ್ನೊಂದಕ್ಕೆ ಮ್ಯಾನೇಜರು. ಹನ್ನೆರಡಕ್ಕೆ ಗಂಡ, ಪಾಪ, ಆ ಪ್ರಾಣಿಯಲ್ಲಿ ಬೈಯುವಂಥದ್ದು ಹೆಚ್ಚೇನೂ ಇಲ್ಲದ್ದರಿಂದ ಹತ್ತು ನಿಮಿಷಕ್ಕೆ ಮುಗಿದುಹೋಗಿ, ಉಳಿದ ಹೊತ್ತಿಗೆ ಅವನ ಅಣ್ಣಂದಿರನ್ನು ಎಳೆದುತರಬೇಕಾಗುತ್ತಿತ್ತು. ಒಂದಕ್ಕೆ ಪಕ್ಕದ ಮನೆಯವಳು. ಎರಡಕ್ಕೆ ಗೂಬಕ್ಕನ ಬಟ್ಟೆಯನ್ನು ಎರಡು ಸಲ ಬಿಗಿಯಾಗಿ ಹೊಲಿದುಕೊಟ್ಟು ನೀವೇ ದಪ್ಪ ಆಗಿದ್ದೀರಿ ಎಂದಿದ್ದ ದರ್ಜಿ. ಪೆಟ್ಟಿಗೆಗಳ ನಡುವೆ ಅಡ್ಡಾಡುತ್ತ, ಕೈ ಬೀಸುತ್ತ, ಎದುರಿಗೇ ನಿಲ್ಲಿಸಿಕೊಂಡಂತೆ ಬೈಯುತ್ತಿದ್ದಳು. ಸಿಟ್ಟು ನೆತ್ತಿಗೇರಿದ ಮನುಷ್ಯನ ಹತ್ತಿರ ನಿದ್ದೆ ಸುಳಿಯುವುದಿಲ್ಲ ಎನ್ನುವುದು ಅವಳು ಸ್ವಂತವಾಗಿ ಕಂಡುಕೊಂಡ ಸತ್ಯ.

ಮೂರು ಗಂಟೆ ಬೇರೆ ಥರ. ಆ ಹೊತ್ತಿಗೆ ಮೈಯ ಒಂದೊಂದು ಕೀಲೂ ಕಳಚಿ ಬೀಳುತ್ತದೆ, ಕಣ್ಣಿನ ರೆಪ್ಪೆಗೆ ಕಲ್ಲು ಕಟ್ಟಿದಂತಾಗುತ್ತದೆ. ದರ್ಜಿ, ಮ್ಯಾನೇಜರು ಅಂಥವರ ಮೇಲಿನ ಚಿಲ್ಲರೆ ಸಿಟ್ಟು ಸಾಲುವುದಿಲ್ಲ. ಅದಕ್ಕಾಗಿ ಗೂಬಕ್ಕ ತನ್ನ ತಂಗಿಯನ್ನು ಇಟ್ಟುಕೊಂಡಿದ್ದಳು.

ತಂಗಿಗೆ ಮನೆಯಲ್ಲಿ ಚಿಕ್ಕಂದಿನಿಂದ ದಿಂಬು ಎಂದೇ ಹೆಸರು. ಎಲ್ಲಿ ತಲೆಯಿಟ್ಟರೂ ನಿದ್ದೆ. ಹತ್ತೊಂಬತ್ತು ವರ್ಷದ ಹಿಂದೆ ಅವರ ತಾಯಿ ಹಾಸಿಗೆ ಹಿಡಿದಿದ್ದಳು. ಎದೆಯಲ್ಲಿ ನೀರು ತುಂಬಿ, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಯಾರಾದರೂ ಬೆನ್ನಿಗೆ ಆತು ಕೂತಿದ್ದು ಜಾರದ ಹಾಗೆ ಹಿಡಿದುಕೊಂಡಿರಬೇಕಿತ್ತು. ಒಂದು ರಾತ್ರಿ ಎರಡರವರೆಗೆ ಗೂಬಕ್ಕ ಕೂತಳು. ಎರಡಕ್ಕೆ ತಂಗಿಯನ್ನು ಎಬ್ಬಿಸಿ ತಾನು ಮಲಗಿದಳು. ಐದಕ್ಕೆ ಎದ್ದು ನೋಡಿದರೆ ತಾಯಿ ಪಕ್ಕಕ್ಕೆ ಜಾರಿ ತಣ್ಣಗಾಗಿದ್ದಳು. ತಂಗಿ ಗೋಡೆಗೆ ಒರಗಿ, ಬಾಯಿ ತೆರೆದು ಮಲಗಿದ್ದಳು. ಅಮ್ಮನನ್ನು ನಿನ್ನ ನಿದ್ದೆ ನುಂಗಿತು ಎಂದು ಗೂಬಕ್ಕ ನಾಲ್ಕು ಜನರ ಮುಂದೆ ಅಂದಳು. ಅದೇ ಕೊನೆ. ಆಮೇಲೆ ಮದುವೆ ಮುಂಜಿಗಳಲ್ಲಿ ಕಂಡರೂ ಒಬ್ಬಳು ಒಳಗೆ ಬಂದರೆ ಇನ್ನೊಬ್ಬಳು ಹೊರಗೆ ಹೋಗುತ್ತಿದ್ದಳು. ಮೂರು ತಿಂಗಳು ಕಳೆದು ಗೂಬಕ್ಕ ಹ್ಯಾಚರಿಗೆ ಸೇರಿದಳು. ರಾತ್ರಿ ಪಾಳಿಯನ್ನು ತಾನಾಗಿ ಕೇಳಿ ಪಡೆದ ಹೆಂಗಸು ಆ ಹ್ಯಾಚರಿಯಲ್ಲಿ ಅವಳೊಬ್ಬಳೇ.

ಹಾಗಿರುವಾಗ ಒಂದು ಸಂಜೆ ದಿಂಬು ತಾನಾಗಿಯೇ ಬಂದು ಅವಳ ಬಾಗಿಲು ತಟ್ಟಿದಳು.

ಗೂಬಕ್ಕ ಮಲಗಿದ್ದಳು. ಹಗಲು ಅವಳನ್ನು ಎಬ್ಬಿಸುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಗಂಡ ಬಾಗಿಲು ತೆಗೆದವನು, ಬಂದವಳ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತ. ದಿಂಬು ಹಾಸಿಗೆಯವರೆಗೂ ನಡೆದು ಬಂದು ಅಕ್ಕನ ಕಾಲನ್ನು ಅಲ್ಲಾಡಿಸಿದಳು. ಗೂಬಕ್ಕ ಕಣ್ಣು ಬಿಟ್ಟು, ಕನಸಿರಬೇಕು ಎಂದು ಮತ್ತೆ ಮುಚ್ಚಿ, ಮತ್ತೆ ಬಿಟ್ಟಳು.

ವಿಷಯ ಇಷ್ಟು. ದಿಂಬಿನ ಮಗಳು ಬಸ್ ಕಂಡಕ್ಟರು. ಮಧ್ಯಾಹ್ನ ಡ್ರೈವರು ಯಾರನ್ನೋ ತಪ್ಪಿಸಲು ಬ್ರೇಕ್ ಹಾಕಿದಾಗ ಹುಡುಗಿಯ ತಲೆ ಕಬ್ಬಿಣದ ಕಂಬಕ್ಕೆ ಬಡಿದಿತ್ತು. ಎರಡು ನಿಮಿಷ ಎಚ್ಚರ ತಪ್ಪಿ, ಎದ್ದು, ಉಳಿದವರ ಟಿಕೆಟ್ಟನ್ನೂ ಹರಿದುಕೊಟ್ಟಿದ್ದಳಂತೆ. ಆಸ್ಪತ್ರೆಯಲ್ಲಿ ಫೋಟೊ ತೆಗೆದು ನೋಡಿ, ಮೂಳೆಗೆ ಏನೂ ಆಗಿಲ್ಲ, ಹಾಸಿಗೆ ಖಾಲಿಯಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಒಂದೇ ಮಾತು: ರಾತ್ರಿಯೆಲ್ಲ ಗಂಟೆಗೊಮ್ಮೆ ಎಬ್ಬಿಸಬೇಕು. ಪ್ರಶ್ನೆ ಕೇಳಬೇಕು, ಎರಡೂ ಕೈ ಹಿಸುಕಿಸಿ ನೋಡಬೇಕು. ಮಾತು ತೊದಲಿದರೆ, ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ತರಬೇಕು. ತಡವಾದರೆ ಉಳಿಯುವುದಿಲ್ಲ ಎಂದೂ ಹೇಳಿದ್ದರು.

ದಿಂಬಿನ ಗಂಡ ತೀರಿಕೊಂಡು ಆರು ವರ್ಷ. ಅವಳು ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಬಟ್ಟೆ ತೀಡುವವಳು. ಅಷ್ಟು ಹೊತ್ತು ನಿಂತ ಕಾಲು ರಾತ್ರಿ ಎಂಟಕ್ಕೇ ಸೋಲುತ್ತಿತ್ತು.

"ನನಗೆ ನನ್ನ ಮೇಲೆ ನಂಬಿಕೆ ಇಲ್ಲ, ಅಕ್ಕ," ಎಂದಳು. "ನಾನು ಮಲಗಿಬಿಡ್ತೀನಿ."

ಹತ್ತೊಂಬತ್ತು ವರ್ಷ, ರಾತ್ರಿಗೊಂದು ಗಂಟೆಯಂತೆ ಬೈದು ಬೈದು ಮಸೆದಿಟ್ಟುಕೊಂಡಿದ್ದ ಮಾತುಗಳು ಗೂಬಕ್ಕನ ಬಾಯಿಯ ತುಂಬ ಇದ್ದವು. ಒಂದೂ ಹೊರಗೆ ಬರಲಿಲ್ಲ. ಎದ್ದು ಮುಖ ತೊಳೆದು, ಒರೆಸಿಕೊಳ್ಳುತ್ತ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು.

"ಬರ್ತೀನಿ. ಹಾಗಂತ ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ."

"ಕ್ಷಮಿಸು ಅಂತ ಕೇಳೋಕೆ ನಾನೂ ಬಂದಿಲ್ಲ. ಎದ್ದಿರು ಅಂತ ಕೇಳೋಕೆ ಬಂದಿದೀನಿ."

ಗೂಬಕ್ಕ ಮ್ಯಾನೇಜರಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದಳು. ಮ್ಯಾನೇಜರು ಮೊದಲು ನಕ್ಕರು, ಆಮೇಲೆ ಕೂಗಾಡಿದರು. ಬದಲಿಗೆ ಯಾರೂ ಇಲ್ಲ, ಬೆಳಗಿನ ಜಾವ ವ್ಯಾನಿಗೆ ಮರಿ ತುಂಬಬೇಕು, ರಜೆಗೆ ಎರಡು ದಿನ ಮುಂಚೆ ಬರೆದುಕೊಡಬೇಕೆಂಬ ನಿಯಮ ಗೊತ್ತಿಲ್ಲವೇ, ನಾಳೆಯಿಂದ ಬರಲೇಬೇಡಿ ಎಂದು ಬರೆದುಕೊಟ್ಟರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದರು. ಗೂಬಕ್ಕ ಪೂರ್ತಿ ಕೇಳಿಸಿಕೊಂಡಳು.

"ಬರೆದಿಡಿ ಸಾರ್, ನಾಳೆ ಬಂದು ಓದ್ತೀನಿ. ಇವತ್ತು ರಾತ್ರಿ ನೀವೇ ಕೂತ್ಕೊಳ್ಳಿ. ಹನ್ನೊಂದಕ್ಕೆ ಎಡಕ್ಕೆ ತಿರುಗಿಸಿ, ಹನ್ನೆರಡಕ್ಕೆ ಬಲಕ್ಕೆ. ನಿದ್ದೆ ಬಂದರೆ ನನ್ನ ಬೈಕೊಳ್ಳಿ, ಬರಲ್ಲ."

ದಿಂಬಿನ ಮನೆ ಎರಡೇ ಕೋಣೆ. ಮುಂದಿನದರಲ್ಲಿ ಒಗೆದ ಬಟ್ಟೆಯ ಗಂಟುಗಳು, ಹಿಂದಿನದರಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒಂದು ಗಡಿಯಾರ. ಹುಡುಗಿ ಮಂಚದ ಮೇಲೆ ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಗೂಬಕ್ಕ ಅವಳನ್ನು ಕೊನೆಯ ಸಲ ಮಾತಾಡಿಸಿದಾಗ ಅವಳಿಗೆ ಐದು ವರ್ಷ. ಒಂಬತ್ತಕ್ಕೆ ಎಬ್ಬಿಸಿ, ನೀನು ಯಾರು, ಏನು ಕೆಲಸ, ಇವತ್ತು ಯಾವ ವಾರ ಎಂದು ದಿಂಬು ಕೇಳಿದಳು. ಹುಡುಗಿ ಎಲ್ಲದಕ್ಕೂ ಸರಿಯಾಗಿ ಹೇಳಿ, ಎರಡೂ ಕೈ ಹಿಸುಕಿದಳು. ಇವರು ಯಾರು ಎಂದು ಗೂಬಕ್ಕನನ್ನು ತೋರಿಸಿದಾಗ ಒಂದು ಕಣ್ಣು ಮಾತ್ರ ಬಿಟ್ಟು ನೋಡಿದಳು.

"ಗೂಬೆ ದೊಡ್ಡಮ್ಮ," ಎಂದಳು. "ಇವರು ನಮ್ಮ ಮನೆಗೆ ಬಂದಿದಾರೆ ಅಂದ್ರೆ ನನಗೆ ನಿಜವಾಗ್ಲೂ ತಲೆ ಕೆಟ್ಟಿರಬೇಕು."

ಗೂಬಕ್ಕನಿಗೆ ನಗು ಬಂತು, ನುಂಗಿಕೊಂಡಳು. ಹುಡುಗಿಯ ನಾಲಿಗೆ ತನ್ನದೇ ಎಂದುಕೊಂಡಳು.

ಹತ್ತು ಕಳೆಯಿತು, ಹನ್ನೊಂದು ಕಳೆಯಿತು. ಹನ್ನೊಂದೂವರೆಗೆ ದಿಂಬಿನ ಗದ್ದ ಎದೆಗೆ ಬಿತ್ತು. ಅವಳು ತನ್ನನ್ನು ತಾನೇ ಚಿವುಟಿಕೊಂಡಳು, ಎದ್ದು ನಿಂತಳು, ಮುಖಕ್ಕೆ ನೀರು ಚಿಮುಕಿಸಿಕೊಂಡಳು. ಐದು ನಿಮಿಷಕ್ಕೆ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಲ್ಲೇ ಗೊರಕೆ. ಮಲಗು, ನಾನಿದ್ದೇನೆ ಎಂದು ಹೇಳುವುದು ಗೂಬಕ್ಕನಿಗೆ ಸುಲಭವಿತ್ತು. ಹೇಳಲಿಲ್ಲ. ಈ ರಾತ್ರಿ ಇವಳು ಎದ್ದಿರಲೇಬೇಕು, ಮಗಳು ಇವಳದು, ಈ ಸಲ ಕಣ್ಣಾರೆ ಕಾಯಲಿ ಎಂದು ಹಟ ಹುಟ್ಟಿತು. ತನಗೆ ಗೊತ್ತಿದ್ದ ಒಂದೇ ಔಷಧಿಯನ್ನು ಹೊರಗೆ ತೆಗೆದಳು.

ನಿಂತು ಮಲಗುವ ವಿದ್ಯೆ ಕತ್ತೆಯಿಂದ ಕಲಿತೆಯಾ ಎಂದು ಶುರುಮಾಡಿದಳು. ಶಾಲೆಯಲ್ಲಿ ಬೆಂಚಿನ ಕೆಳಗೆ ಮಲಗಿ ಬೀಗ ಹಾಕಿಸಿಕೊಂಡದ್ದು, ಒಲೆಯ ಮೇಲೆ ಹಾಲಿಟ್ಟು ಮಲಗಿ ಪಾತ್ರೆ ಸುಟ್ಟದ್ದು, ಹೆಣ್ಣು ನೋಡಲು ಬಂದವರ ಮುಂದೆ ಆಕಳಿಸಿದ್ದು, ಒಂದೊಂದಾಗಿ ಜಾಲಾಡಿದಳು. ಹುಡುಗಿಗೆ ಕೇಳಬಾರದೆಂದು ಎಲ್ಲವೂ ಪಿಸುಮಾತಿನಲ್ಲಿ. ಪಿಸುಮಾತಿನಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಕತ್ತಿನ ನರ ಉಬ್ಬುತ್ತದೆ, ಸದ್ದು ಮಾತ್ರ ಹಾವಿನದು.

ದಿಂಬು ಮೊದಲು ತಲೆ ತಗ್ಗಿಸಿ ಕೇಳಿದಳು. ಹಾಲಿನ ಪಾತ್ರೆಯ ಹೊತ್ತಿಗೆ ಕಣ್ಣು ಪೂರ್ತಿ ತೆರೆದಿತ್ತು. ಹೆಣ್ಣು ನೋಡಲು ಬಂದ ಮಾತಿಗೆ ಮೂಗು ಕೆಂಪಾಯಿತು.

"ಆಕಳಿಸಿದ್ದು ನಾನಾ, ನೀನಾ?" ಎಂದಳು. "ನೋಡೋಕೆ ಬಂದಿದ್ದು ನಿನ್ನ. ನೀನು ಬಾಯಿ ತೆರೆದಿದ್ದಕ್ಕೇ ಅವರು ಎದ್ದು ಹೋಗಿದ್ದು."

ಅಲ್ಲಿಂದ ಮುಂದೆ ಇಬ್ಬರಿಗೂ ನಿದ್ದೆಯ ನೆನಪೇ ಬರಲಿಲ್ಲ. ಮಂಚದ ಆಚೆಗೊಬ್ಬಳು ಈಚೆಗೊಬ್ಬಳು ಕೂತು ಹುಡುಗಿಯ ಮೈಮೇಲಿಂದ ಒಬ್ಬರಿಗೊಬ್ಬರು ಮಾತು ಎಸೆದರು. ಯಾರ ಬಾಚಣಿಗೆ ಯಾರು ಮುರಿದರು, ಅಪ್ಪ ಯಾರನ್ನು ಹೆಚ್ಚು ಮುದ್ದು ಮಾಡುತ್ತಿದ್ದ, ಯಾರ ಮದುವೆಯಲ್ಲಿ ಯಾರು ಮುಖ ಊದಿಸಿಕೊಂಡು ಕೂತಿದ್ದರು. ಹನ್ನೆರಡಕ್ಕೆ ಜಗಳ ನಿಲ್ಲಿಸಿ ಹುಡುಗಿಯನ್ನು ಎಬ್ಬಿಸಿದರು. ಸರಿಯಾಗಿ ಉತ್ತರ ಕೊಟ್ಟಳು. ನಿಲ್ಲಿಸಿದ ಜಾಗದಿಂದಲೇ ಮತ್ತೆ ಹಿಡಿದರು. ಒಂದಕ್ಕೆ ಮ್ಯಾನೇಜರ ಫೋನು. ಈಗ ಎಡಕ್ಕೋ ಬಲಕ್ಕೋ ಮರೆತುಹೋಗಿದೆ ಎಂದು ಕೇಳಿದರು. ಎಡಕ್ಕೆ ಎಂದು ಹೇಳಿ ಇಟ್ಟಳು. ಬರಲೇಬೇಡಿ ಎನ್ನುವ ಮಾತು ಅವರ ಬಾಯಲ್ಲಿ ಆಗ ಇರಲಿಲ್ಲ.

ಎರಡಕ್ಕೆ ಹುಡುಗಿ ಏಳಲು ಸ್ವಲ್ಪ ತಡಮಾಡಿದಳು. ಕೈ ಹಿಸುಕಿದಳು. ಬಿಡಿ ಮಲಗೋಕೆ ಎಂದು ಗೊಣಗಿದಳು. ನಿದ್ದೆಗಣ್ಣು ಎಂದು ಇಬ್ಬರೂ ಸುಮ್ಮನಾದರು.

ಎರಡು ಕಳೆದ ಮೇಲೆ ಮಾತು ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೆ ಬಂತು. ಆ ರಾತ್ರಿಯೂ ಎರಡಕ್ಕೇ ನಿನ್ನನ್ನು ಎಬ್ಬಿಸಿದ್ದೆ ಎಂದಳು ಗೂಬಕ್ಕ. ಮೂರು ಗಂಟೆಗೆಂದು ಹತ್ತೊಂಬತ್ತು ವರ್ಷ ಇಟ್ಟುಕೊಂಡದ್ದನ್ನೆಲ್ಲ ಸುರಿದಳು. ಅಮ್ಮ ಕೂಗಿರಬಹುದು, ಕೈಯಾಡಿಸಿರಬಹುದು, ಒಂದು ಕೈ ಹಿಡಿದಿದ್ದರೆ ಸಾಕಿತ್ತು, ಮೂರು ಗಂಟೆ ಹೊತ್ತು ಕಣ್ಣು ಬಿಟ್ಟುಕೊಂಡಿರಲು ನಿನಗೇನು ದಾಡಿಯಾಗಿತ್ತು. ದಿಂಬು ಈ ಸಲ ಅಡ್ಡ ಮಾತಾಡಲಿಲ್ಲ. ಎಲ್ಲ ಮುಗಿಯುವವರೆಗೆ ಕಾದಳು.

"ಅದು ನಿನಗೆ ಎಷ್ಟನೇ ರಾತ್ರಿ?" ಎಂದು ಕೇಳಿದಳು.

"ಏನು ಎಷ್ಟನೇದು?"

"ಅಮ್ಮನ ಬೆನ್ನಿಗೆ ಕೂತಿದ್ದು. ನೀನು ಗಂಡನ ಮನೆಯಿಂದ ಬಂದಿದ್ದು ಅವತ್ತು ಮಧ್ಯಾಹ್ನ. ನಿನಗೆ ಅದು ಒಂದನೇದು, ಅದೂ ಅರ್ಧ. ನನಗೆ ಹನ್ನೆರಡನೇದು. ಹನ್ನೊಂದು ರಾತ್ರಿ ಒಬ್ಬಳೇ ಕೂತಿದ್ದೆ ಅಕ್ಕ. ಹನ್ನೊಂದು ರಾತ್ರಿ ಅಮ್ಮ ಜಾರಲಿಲ್ಲ."

ಗೂಬಕ್ಕನಿಗೆ ಬಂದದ್ದು ಇನ್ನೂ ದೊಡ್ಡ ಸಿಟ್ಟು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಬಾಯಿ ತೆರೆಯಲು ನೀನೆಲ್ಲಿ ಬಿಟ್ಟೆ, ನಾಲ್ಕು ಜನರ ಮುಂದೆ ಅಂದು ಹೊರಟೇ ಹೋದೆಯಲ್ಲ ಎಂದಳು ದಿಂಬು. ಹೇಳಬೇಕಾದವಳು ಓಡಿ ಬಂದು ಅಡ್ಡಗಟ್ಟಿ ಹೇಳಬೇಕಿತ್ತು ಎಂದಳು ಗೂಬಕ್ಕ. ಅವಳಿಗೇ ಗೊತ್ತಿತ್ತು, ಈ ಮಾತಿಗೆ ಕಾಲಿಲ್ಲ ಎಂದು. ಆದರೆ ಹತ್ತೊಂಬತ್ತು ವರ್ಷ ತನ್ನನ್ನು ನಿಲ್ಲಿಸಿದ್ದ ಗೋಡೆ ಅಲ್ಲಾಡುವಾಗ ಕೈಗೆ ಸಿಕ್ಕಿದ್ದನ್ನು ಆನಿಸಲೇಬೇಕಲ್ಲ. ಗಡಿಯಾರ ಮೂರು ಹೊಡೆಯಿತು.

ಗೂಬಕ್ಕ ಬುಸುಗುಡುತ್ತಲೇ ಹುಡುಗಿಯ ಭುಜ ಅಲ್ಲಾಡಿಸಿದಳು. ಎರಡು ಸಲ, ಮೂರು ಸಲ. ಹುಡುಗಿ ಕಣ್ಣು ಅರ್ಧ ತೆರೆದಳು. ನಾನು ಯಾರು ಹೇಳು ಎಂದು ಗೂಬಕ್ಕ ಕೇಳಿದಳು.

"ಅಜ್ಜಿ," ಎಂದಳು ಹುಡುಗಿ.

ಗೂಬಕ್ಕನಿಗೆ ಮೈಯೆಲ್ಲ ಉರಿಯಿತು. ಸತ್ತ ಅಮ್ಮನ ಮಾತೇ ನಡೆಯುತ್ತಿದೆ, ಇವಳು ಮಲಗಿದ ಹಾಗೆ ಮಾಡಿ ಎಲ್ಲ ಕೇಳಿಸಿಕೊಂಡು ಕುಟುಕುತ್ತಿದ್ದಾಳೆ, ತಾಯಿಯಂತೆ ಮಗಳು. ಹಾಗಂತಲೇ ದಿಂಬಿನ ಕಡೆಗೆ ತಿರುಗಿ ಮತ್ತೆ ಶುರುಮಾಡಿದಳು. ದಿಂಬು ಅವಳನ್ನು ನೋಡುತ್ತಿರಲಿಲ್ಲ. ಅಂಗೈಯನ್ನು ಅಕ್ಕನ ಬಾಯಿಗೆ ಅಡ್ಡ ಇಟ್ಟುಬಿಟ್ಟಳು.

"ಸುಮ್ನಿರು. ನಾಲಿಗೆ ಎಳೀತಿದೆ."

"ನಿದ್ದೆಗಣ್ಣು ಕಣೇ."

"ಇದು ನಿದ್ದೆ ಅಲ್ಲ. ನಿದ್ದೆ ಹೇಗಿರುತ್ತೆ ಅಂತ ನನಗೆ ಗೊತ್ತು."

ದಿಂಬು ಮಗಳ ಎರಡೂ ಕೈಯೊಳಗೆ ತನ್ನ ಬೆರಳಿಟ್ಟು ಹಿಸುಕು ಎಂದಳು. ಬಲಗೈ ಹಿಸುಕಿತು. ಎಡಗೈ ಒಗೆದ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಗೂಬಕ್ಕ ದೀಪವನ್ನು ಹತ್ತಿರ ಹಿಡಿದು ರೆಪ್ಪೆ ಎತ್ತಿ ನೋಡಿದಳು. ಒಂದು ಕಣ್ಣಿನ ಕಪ್ಪು ಗುಂಡಿ ಸಾಸಿವೆಯಷ್ಟು, ಇನ್ನೊಂದು ಕಡಲೆಯಷ್ಟು.

ಎದ್ದಿದ್ದವಳು ತಾನು. ರೆಪ್ಪೆ ಮುಚ್ಚದೆ, ಊರಿಗೇ ಹೇಳಿಕೊಳ್ಳುವ ಹಾಗೆ ಎದ್ದಿದ್ದಳು. ಎದ್ದಿದ್ದು ಕೇಳಿಸಿಕೊಂಡದ್ದು ಏನು? ತನ್ನದೇ ದನಿ.

ಆ ಹೊತ್ತಿನಲ್ಲಿ ಗಾಡಿ ಎಲ್ಲಿ ಸಿಗಬೇಕು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಅಂದರು. ಗೂಬಕ್ಕ ಹ್ಯಾಚರಿಯ ವ್ಯಾನ್ ಡ್ರೈವರಿಗೆ ಫೋನ್ ಮಾಡಿದಳು. ಮೂರಕ್ಕೆ ಅವನು ಒಂದು ದಿನದ ಮರಿಗಳನ್ನು ತುಂಬಿಕೊಂಡು ಹೊರಡುತ್ತಾನೆ, ಬಿಸಿಲೇರುವ ಮುಂಚೆ ಮುಟ್ಟಿಸಬೇಕು. ಅವನು ಆಗಲೇ ದೊಡ್ಡ ರಸ್ತೆಯಲ್ಲಿದ್ದ. ಗೂಬಕ್ಕ ಮನೆಯ ಗುರುತು ಹೇಳಿ, ಹತ್ತು ನಿಮಿಷದಲ್ಲಿ ಇಲ್ಲಿರಬೇಕು ಎಂದಳು. ಮ್ಯಾನೇಜರನ್ನು ಒಂದು ಮಾತು ಕೇಳಿ ಎಂದು ಅವನು ಗೋಗರೆದ.

"ಮ್ಯಾನೇಜರು ಕೇಳಿದರೆ ಗೂಬಕ್ಕ ವ್ಯಾನ್ ಕದ್ದಳು ಅಂತ ಹೇಳು," ಎಂದಳು. "ನೀನು ಬರೀ ಓಡಿಸು."

ಎಂಟು ನಿಮಿಷಕ್ಕೆ ಬಂದ. ಮರಿಗಳ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಜಾಗ ಮಾಡಿ, ಕಂಬಳಿ ಹಾಸಿ, ಹುಡುಗಿಯನ್ನು ಮಲಗಿಸಿದರು. ದಿಂಬು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಲುಗದಂತೆ ಹಿಡಿದಳು. ಸುತ್ತಲೂ ಸಾವಿರಾರು ಮರಿಗಳ ಚಿಲಿಪಿಲಿ. ಅದನ್ನು ಮೀರಿ ದಿಂಬು ಮಗಳ ಕಿವಿಯಲ್ಲಿ ಮುಂದಿನ ಸ್ಟಾಪ್ ಯಾವುದು ಹೇಳು, ಅದರ ಮುಂದಿನದು ಯಾವುದು ಹೇಳು ಎಂದು ಒಂದೇ ಸಮನೆ ಕೇಳುತ್ತಿದ್ದಳು. ಹುಡುಗಿ ಎರಡು ಸ್ಟಾಪ್ ಹೇಳಿದಳು. ಮೂರನೆಯದು ಬರಲಿಲ್ಲ.

ಆಸ್ಪತ್ರೆಯಲ್ಲಿ ಮೇಜಿನ ಹಿಂದೆ ಕೂತಿದ್ದವನು ಆಕಳಿಸುತ್ತ ಚೀಟಿ ನೋಡಿ, ಸಂಜೆ ತಾನೇ ನೋಡಿ ಕಳಿಸಿದ್ದೇವಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿ ವಿಭಾಗಕ್ಕೆ ಬನ್ನಿ, ದೊಡ್ಡ ಡಾಕ್ಟರು ಮಲಗಿದ್ದಾರೆ ಎಂದ. ಗೂಬಕ್ಕ ಮೇಜಿನ ಮೇಲೆ ಎರಡೂ ಕೈ ಊರಿದಳು. ಹತ್ತೊಂಬತ್ತು ವರ್ಷ ಖಾಲಿ ಕೋಣೆಯಲ್ಲಿ ತಾಲೀಮು ಮಾಡಿದ ಗಂಟಲು ಅದು.

"ಮಾತು ತೊದಲಿದರೆ ತಕ್ಷಣ ತನ್ನಿ ಅಂತ ಈ ಚೀಟಿಯಲ್ಲಿ ಬರೆದವರು ನೀವು. ತೊದಲ್ತಿದೆ, ತಂದಿದೀನಿ. ಈಗ ಒಂದೋ ಡಾಕ್ಟರನ್ನ ನೀವು ಎಬ್ಬಿಸ್ತೀರಿ, ಇಲ್ಲಾ ನಾನು ಇಲ್ಲೇ ನಿಂತು ಈ ಕಟ್ಟಡದಲ್ಲಿ ಮಲಗಿರೋರನ್ನೆಲ್ಲ ಎಬ್ಬಿಸ್ತೀನಿ."

ಆಗಲೇ ಎರಡು ವಾರ್ಡಿನ ದೀಪ ಹತ್ತಿಕೊಂಡಿತ್ತು. ಅವನು ಫೋನ್ ಎತ್ತಿದ.

ಡಾಕ್ಟರು ತಲೆಗೂದಲು ಕೆದರಿಕೊಂಡೇ ಬಂದರು, ಹುಡುಗಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಆಮೇಲೆ ನಡೆಯಲಿಲ್ಲ, ಓಡಿದರು. ತಲೆಬುರುಡೆಯ ಒಳಗೆ ರಕ್ತ ಸೋರಿ ಗಡ್ಡೆ ಕಟ್ಟುತ್ತಿತ್ತು, ಮಿದುಳನ್ನು ಒತ್ತುತ್ತಿತ್ತು. ಈಗಲೇ ತೆರೆದು ತೆಗೆಯಬೇಕು ಎಂದು ಸಹಿ ಹಾಕಿಸಿಕೊಂಡರು. ಕಾಗದದಲ್ಲಿ ಬರೆಯಲು ಯಾವ ಹೊತ್ತಿಗೆ ಬದಲಾವಣೆ ಕಂಡಿತು, ಯಾರು ಕಂಡರು ಎಂದು ನರ್ಸು ಕೇಳಿದಳು. ದಿಂಬು ಅಕ್ಕನ ಕಡೆ ಕೈ ತೋರಿಸಹೊರಟಳು.

"ಮೂರಕ್ಕೆ," ಎಂದಳು ಗೂಬಕ್ಕ. "ಕಂಡಿದ್ದು ಇವಳು. ಇವಳ ಹೆಸರೇ ಬರ್ಕೊಳ್ಳಿ. ನಾನು ಆಗ ಜಗಳ ಆಡ್ತಿದ್ದೆ."

ಆಪರೇಷನ್ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕು ಹರಿದಿತ್ತು. ಡಾಕ್ಟರು ಹೊರಗೆ ಬಂದು, ಗಡ್ಡೆ ತೆಗೆದಾಯಿತು, ಎಡಗೈ ಆಡಿಸುತ್ತಿದ್ದಾಳೆ, ಇನ್ನೆರಡು ಗಂಟೆಯಲ್ಲಿ ಪೂರ್ತಿ ಎಚ್ಚರವಾಗುತ್ತದೆ, ಆಗ ನೋಡಬಹುದು ಎಂದರು. ದಿಂಬು ಅಳಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಸ್ವಲ್ಪ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡಳು. ಗೂಬಕ್ಕ ಪಕ್ಕದಲ್ಲಿ ಕೂತು, ನೋಡು, ಹನ್ನೊಂದು ರಾತ್ರಿಯ ಲೆಕ್ಕ ನಾನು ಒಪ್ಪಿಕೊಂಡೆ ಅಂತಲ್ಲ, ಆದರೆ ನನಗೆ ಯಾರೂ ಹೇಳಿರಲಿಲ್ಲ, ಕೇಳುವುದು ನನ್ನ ಕೆಲಸವಾಗಿತ್ತು, ಕೇಳಲಿಲ್ಲ, ಅದು ನನ್ನ ತಪ್ಪೇ ಅನ್ನು ಎಂದು ಶುರುಮಾಡಿದಳು. ಇಂಥ ಮಾತು ಆಡಿ ಅವಳಿಗೆ ಅಭ್ಯಾಸವಿರಲಿಲ್ಲ. ಬೈಗುಳದ ಧಾಟಿಯಲ್ಲೇ ಬರುತ್ತಿತ್ತು. ಅರ್ಧ ದಾರಿಯಲ್ಲಿ ಭುಜದ ಮೇಲೆ ಏನೋ ಭಾರ ಬಿತ್ತು. ದಿಂಬಿಗೆ ನಿದ್ದೆ ಬಂದಿತ್ತು.

ಫೋನು ಬಡಿದುಕೊಂಡಿತು, ಮ್ಯಾನೇಜರದು. ಗೂಬಕ್ಕ ಮೈ ಅಲುಗಿಸದೆ ಅದನ್ನು ಕಟ್ ಮಾಡಿದಳು. ಮತ್ತೆ ಬಂತು, ಮತ್ತೆ ಕಟ್ ಮಾಡಿದಳು.

ನೆಲ ಒರೆಸುವ ಹೆಂಗಸು ಬಕೆಟ್ಟು ಎಳೆದುಕೊಂಡು ಬಂದು, ಇಲ್ಲಿ ಮಲಗುವ ಹಾಗಿಲ್ಲ, ಬೆಂಚು ಸರಿಸಬೇಕು, ಅವರನ್ನು ಎಬ್ಬಿಸಿ ಎಂದಳು. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಾಯಿತು, ನೋಡಿದರೆ ನನಗೆ ಬೈಯುತ್ತಾರೆ ಎಂದೂ ಸೇರಿಸಿದಳು. ಗೂಬಕ್ಕ ತಂಗಿಯ ತಲೆ ಜಾರದ ಹಾಗೆ ಒಂದು ಕೈಯಿಂದ ಆನಿಸಿಕೊಂಡಳು.

"ಇವಳನ್ನ ಯಾರೂ ಎಬ್ಬಿಸಲ್ಲ," ಎಂದಳು, ದನಿ ಏರಿಸದೆ. "ಡಾಕ್ಟರು ಬಂದರೆ ನನ್ನ ಹತ್ತಿರ ಕಳಿಸು, ನಾನು ಎದ್ದಿದೀನಿ. ನೀನು ಸುತ್ತಲೂ ಒರೆಸ್ಕೊಂಡು ಹೋಗಮ್ಮ."

ನೆಲ ಒರೆಸುವವಳು ಒಂದು ಸಲ ಇಬ್ಬರನ್ನೂ ನೋಡಿದಳು. ಗೂಬಕ್ಕ ತನ್ನ ಕಾಲೆರಡನ್ನೂ ಮೇಲೆತ್ತಿ, ಆಮೇಲೆ ತಂಗಿಯ ಕಾಲನ್ನೂ ಕೈಯಿಂದ ಎತ್ತಿ ಹಿಡಿದುಕೊಂಡಳು. ಒದ್ದೆ ಬಟ್ಟೆ ಬೆಂಚಿನ ಕೆಳಗೆ ಹೋಗಿ ಬಂತು.